ಫ್ಲೈ ರೆಕ್ಕೆಗೆ ಯಾವ ಎಳೆ? ಪ್ಯಾಕೆಟ್ ಹೆಸರು ಬಿಡಿ, ಪ್ಲಾಸ್ಟಿಕ್ ಯಾವುದು ನೋಡಿ

ನಮ್ಮ ಕಡೆ ಫ್ಲೈ ಕಟ್ಟುವವರು ಕಡಿಮೆ. ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು ಎಲ್ಲ ಸೇರಿಸಿದರೂ ಒಬ್ಬರಿಗೊಬ್ಬರು ಪರಿಚಯ ಇರುವಷ್ಟೇ ಜನ. ಹೊಸಬರು ಯಾರಾದರೂ ಈ ಹವ್ಯಾಸಕ್ಕೆ ಬಂದರೆ ಮೊದಲು ಕೇಳುವುದು ರೆಕ್ಕೆ ಬಗ್ಗೆಯೇ. ವಿಡಿಯೋದಲ್ಲಿ ಅಮೆರಿಕದವರು ಹೇಳುವ ಆಂಟ್ರಾನ್, ಝೀ-ಲಾನ್, ಈಪಿ ಫೈಬರ್, ಸೂಪರ್ ಹೇರ್, ಕ್ರಾಫ್ಟ್ ಫರ್, ಈ ಕೃತಕ ಎಳೆಗಳೆಲ್ಲ ಎಲ್ಲಿ ಸಿಗುತ್ತವೆ, ಅದೇ ಬೇಕಾ, ಬೇರೆ ಏನಾದರೂ ನಡೆಯುತ್ತಾ? ಅದಕ್ಕೇ ಒಮ್ಮೆ ಕೂತು ಎಲ್ಲ ಬರೆದುಬಿಡೋಣ ಅಂತ.

ಗೊತ್ತಿಲ್ಲದವರಿಗೆ ಒಂದು ಮಾತು. ಎರೆಹುಳ, ಹಿಟ್ಟಿನ ಉಂಡೆ ಬದಲು ಗಾಳದ ಕೊಕ್ಕೆಗೆ ದಾರ, ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳ ಅಥವಾ ನಕಲಿ ಮರಿಮೀನೇ ಫ್ಲೈ. ಅದಕ್ಕೆ ತೂಕ ಇರುವುದಿಲ್ಲ, ಆದ್ದರಿಂದ ತೂಕ ಇರುವ ಲೈನ್ ಬೀಸಿ ಅದನ್ನು ದೂರಕ್ಕೆ ಕಳಿಸಬೇಕು. ರೆಕ್ಕೆ ಅಂದರೆ ಹುಳದ ರೆಕ್ಕೆ ಒಂದೇ ಅಲ್ಲ. ಮರಿಮೀನಿನ ಫ್ಲೈಯಲ್ಲಿ ಕೊಕ್ಕೆಯ ಬೆನ್ನ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳಿಗೂ ರೆಕ್ಕೆ ಅಂತಲೇ ಹೇಳುತ್ತೇವೆ.

ನಾನು ಮೊದಲು ಹೇಳುವುದು ಇಷ್ಟೇ: ಪ್ಯಾಕೆಟ್ ಮೇಲಿನ ಹೆಸರು ನೋಡಬೇಡಿ. ಎಳೆ ಯಾವ ಪ್ಲಾಸ್ಟಿಕ್‌ನದು ಅಂತ ನೋಡಿ. ಹೆಸರುಗಳು ಹತ್ತಾರು ಇರಬಹುದು, ಆದರೆ ಒಳಗಿರುವುದು ಬಹುತೇಕ ಪಾಲಿಪ್ರೊಪಿಲೀನ್, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಈ ನಾಲ್ಕರಲ್ಲಿ ಒಂದು. ಈ ನಾಲ್ಕರ ಸ್ವಭಾವ ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಆ ರೆಕ್ಕೆ ನೀರಿನಲ್ಲಿ ಏನು ಮಾಡಬೇಕು ಅಂತ ನೀವು ಮೊದಲೇ ತೀರ್ಮಾನ ಮಾಡುವುದು. ತೇಲಬೇಕಾ, ದೂರದಿಂದ ನಿಮ್ಮ ಕಣ್ಣಿಗೆ ಕಾಣಬೇಕಾ, ಮೀನಿಗೆ ಆಕಾರ ತೋರಿಸಬೇಕಾ, ನೀರೊಳಗೆ ಅಲುಗಾಡಬೇಕಾ? ಎಲ್ಲವನ್ನೂ ಒಂದೇ ಎಳೆ ಮಾಡಲ್ಲ.

ತೇಲುವ ವಿಷಯ ಮೊದಲು ನೋಡೋಣ, ಜಾಸ್ತಿ ಗೊಂದಲ ಇರುವುದು ಅಲ್ಲೇ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ ಪಾಲಿಪ್ರೊಪಿಲೀನ್ ಸುಮಾರು 0.91. ನೈಲಾನ್ 1.14, ಅಕ್ರಿಲಿಕ್ 1.17ರ ಆಸುಪಾಸು, ಪಾಲಿಯೆಸ್ಟರ್ 1.38. ಅಂದರೆ ನಾಲ್ಕರಲ್ಲಿ ತಾನಾಗಿ ತೇಲುವುದು ಪಾಲಿಪ್ರೊಪಿಲೀನ್ ಒಂದೇ. ಆದರೆ ಇದನ್ನು ಓದಿ, ಪಾಲಿ ನೂಲು (ನಾವು ಪಾಲಿ ಅನ್ನುವುದು ಪಾಲಿಪ್ರೊಪಿಲೀನ್‌ಗೆ) ಜಾಸ್ತಿ ಹಾಕಿದರೆ ಫ್ಲೈ ಮುಳುಗುವುದೇ ಇಲ್ಲ ಅಂದುಕೊಳ್ಳಬೇಡಿ. ಕೊಕ್ಕೆ ಉಕ್ಕಿನದು, ಅದರ ಸಾಂದ್ರತೆ 7.8ರ ಹತ್ತಿರ. ಒಂದು ಚಿಟಿಕೆ ನೂಲು ಆ ಉಕ್ಕನ್ನು ಎತ್ತಿ ಹಿಡಿಯುವುದಿಲ್ಲ. ಫ್ಲೈ ತೇಲುವುದು ನೀರಿನ ಮೇಲ್ಪದರದ ಬಲದಿಂದ, ಮತ್ತು ಎಳೆಗಳ ನಡುವೆ ಸಿಕ್ಕ ಗಾಳಿಯಿಂದ. ಪಾಲಿಪ್ರೊಪಿಲೀನ್‌ನ ನಿಜವಾದ ಲಾಭ ಅದು ನೀರು ಕುಡಿಯುವುದಿಲ್ಲ ಅನ್ನುವುದು. ನೈಲಾನ್ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು ಶೇ. 4ರಷ್ಟು ತೇವ ಹೀರಿಕೊಂಡಿರುತ್ತದೆ, ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಏನೂ ಹೀರುವುದಿಲ್ಲ. ಒಂದೆರಡು ಸಲ ಗಾಳಿಯಲ್ಲಿ ಬೀಸಿದರೆ ನೀರು ಉದುರಿ ರೆಕ್ಕೆ ಮತ್ತೆ ಒಣಗಿರುತ್ತದೆ. ತೇಲುವ ಫ್ಲೈಗೆ ಬೇಕಾದದ್ದು ಇದೇ.

ಆಂಟ್ರಾನ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅದು ಡ್ಯೂಪಾಂಟ್ ಕಂಪನಿ ಮಾಡಿದ, ಕಾರ್ಪೆಟ್‌ಗೂ ಬಳಸುವ ನೈಲಾನ್ ಎಳೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ದುಂಡಗಿರಲ್ಲ, ಮೂರು ಮೂಲೆ ಇರುತ್ತದೆ, ಹಾಗಾಗಿ ಬೆಳಕು ಬಿದ್ದ ಕಡೆ ಮಿಂಚುತ್ತದೆ. ಅಮೆರಿಕದ ಗ್ಯಾರಿ ಲಾಫಾಂಟೇನ್ ನೀರಿನಡಿ ಇಳಿದು, ನೀರೊಳಗೆ ಬೆಳೆಯುವ ಕ್ಯಾಡಿಸ್ ಹುಳ ಮೇಲಕ್ಕೆ ಬರುವುದನ್ನು ನೋಡಿದವರು. ಆ ಹುಳದ ಮೈಗೆ ಅಂಟಿದ ಗಾಳಿಯ ಮಿಂಚನ್ನು ತೋರಿಸಲು 1980ರ ದಶಕದ ಶುರುವಿನಲ್ಲಿ ಅವರು ಬಳಸಿ ಪ್ರಸಿದ್ಧ ಮಾಡಿದ ಎಳೆ ಇದು. ಅದನ್ನು ಕೊಂಡಾಡುವುದು ಆ ಮಿಂಚಿಗಾಗಿ, ಮತ್ತು ನೀರಿನ ಪದರಕ್ಕೆ ಅಂಟಿಕೊಂಡು ಅಥವಾ ಪದರದ ಕೆಳಗೆ ಇರುವ ಹುಳಗಳಿಗಾಗಿ. ತೇಲುವುದಕ್ಕೆ ಅಲ್ಲ. ಝೀ-ಲಾನ್ ಕೂಡ ಹಾಗೇ ಮಿಂಚುವ ಎಳೆ. ಕ್ರೇಗ್ ಮ್ಯಾಥ್ಯೂಸ್ ಮತ್ತು ಜಾನ್ ಜುರಾಸೆಕ್ ತಮ್ಮ ಸ್ಪಾರ್ಕಲ್ ಡನ್ ಫ್ಲೈಯಲ್ಲಿ, ಹುಳ ಕಳಚಿಕೊಳ್ಳುತ್ತಿರುವ ಪೊರೆ ತೋರಿಸಲು ಬಾಲದ ಕಡೆ ಅದನ್ನು ಕಟ್ಟಿದರು. ರೆಕ್ಕೆಗೆ ಅವರು ಬಳಸಿದ್ದು ಜಿಂಕೆ ಕೂದಲು. ಎಳೆಗೆ ಅದರದ್ದೇ ಕೆಲಸ ಕೊಡುವುದು ಅಂದರೆ ಇದೇ.

ಹಾಗಾದರೆ ಕೈಗೆ ಸಿಕ್ಕ ಎಳೆ ಯಾವುದು ಅಂತ ತಿಳಿಯುವುದು ಹೇಗೆ? ಒಂದು ಲೋಟ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಎಳೆಯನ್ನು ಚಿಕ್ಕದಾಗಿ ಕತ್ತರಿಸಿ ಸೋಪು ನೀರಿಗೆ ಹಾಕಿ, ಬೆರಳಲ್ಲಿ ಒತ್ತಿ ಒಳಗಿನ ಗಾಳಿ ಬಿಡಿಸಿ. ಸೋಪು ಯಾಕೆ ಅಂದರೆ, ಬರೀ ನೀರಿನಲ್ಲಿ ಗಾಳಿ ಸಿಕ್ಕಿಕೊಂಡು ಪಾಲಿಯೆಸ್ಟರ್ ಕೂಡ ಸ್ವಲ್ಪ ಹೊತ್ತು ಮೇಲೆ ನಿಂತು ಮೋಸ ಮಾಡುತ್ತದೆ. ಆಮೇಲೂ ಮೇಲಕ್ಕೆ ಬಂದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಮುಳುಗಿದರೆ ಬೆಂಕಿ ಪರೀಕ್ಷೆ. ಮನೆ ಹೊರಗೆ, ಚಿಮಟದಲ್ಲಿ ಹಿಡಿದು, ಬಹಳ ಸ್ವಲ್ಪ ಎಳೆ ಮಾತ್ರ. ನೈಲಾನ್ ಕರಗಿ ತೊಟ್ಟಿಕ್ಕಿ ಬೂದು ಅಥವಾ ಕಂದು ಬಣ್ಣದ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಕಪ್ಪು ಹೊಗೆ ಬಿಟ್ಟು ಕರಗುತ್ತದೆ, ವಾಸನೆ ಸ್ವಲ್ಪ ಸಿಹಿ. ಅಕ್ರಿಲಿಕ್ ಚಟಪಟ ಅಂತ ಬೇಗ ಹೊತ್ತಿಕೊಂಡು, ಪುಡಿಯಾಗುವ ಕರಿ ಗಂಟು ಉಳಿಸುತ್ತದೆ. ತೇಲಿದ ಎಳೆಯನ್ನೂ ಸುಟ್ಟು ನೋಡಬಹುದು, ಪಾಲಿಪ್ರೊಪಿಲೀನ್‌ಗೆ ಆರಿದ ಮೇಣದಬತ್ತಿಯ ವಾಸನೆ ಇರುತ್ತದೆ. ಅಂಗಡಿಯಲ್ಲಿ ನೈಲಾನ್ ಹಗ್ಗ ಅಂತ ಕೊಡುವುದರಲ್ಲಿ ಬಹಳಷ್ಟು ನೈಲಾನ್ ಆಗಿರುವುದೇ ಇಲ್ಲ, ಲೋಟದಲ್ಲಿ ತೇಲಿಬಿಡುತ್ತದೆ. ಅದಕ್ಕೇ ಪರೀಕ್ಷೆ ಮಾಡಿ ಅನ್ನುವುದು.

ಈಗ ನಮ್ಮೂರಲ್ಲಿ ಏನು ಸಿಗುತ್ತದೆ ನೋಡೋಣ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯವರ ಮನೆಯಲ್ಲಿ ಅಕ್ಕಿ ಚೀಲಕ್ಕೆ ಬರವೇ? ಆ ನೇಯ್ದ ಬಿಳಿ ಚೀಲ ಪಾಲಿಪ್ರೊಪಿಲೀನ್‌ನದು. ಅಂಚಿನಿಂದ ಒಂದು ಪಟ್ಟಿ ಎಳೆದುಕೊಂಡು, ದಪ್ಪ ಸೂಜಿಯಿಂದ ಉದ್ದಕ್ಕೆ ಗೀರುತ್ತಾ ಹೋದರೆ ಅದು ಸಣ್ಣ ಸಣ್ಣ ಎಳೆಯಾಗಿ ಸೀಳುತ್ತದೆ. ತಯಾರಿಸುವಾಗಲೇ ಆ ಪಟ್ಟಿಯನ್ನು ಉದ್ದಕ್ಕೆ ಎಳೆದಿರುತ್ತಾರೆ, ಆದ್ದರಿಂದ ಸೀಳು ಉದ್ದಕ್ಕೇ ಹೋಗುತ್ತದೆ, ಅಡ್ಡಕ್ಕೆ ಹರಿಯುವುದಿಲ್ಲ. ಎಳೆ ಸ್ವಲ್ಪ ಬಿರುಸು. ಮೆತ್ತಗಿನ ರೆಕ್ಕೆಗೆ ಆಗಲ್ಲ, ಆದರೆ ನೀರಿನ ಮೇಲೆ ಚಪ್ಪಟೆ ಬೀಳುವ ರೆಕ್ಕೆಗೆ ನಡೆಯುತ್ತದೆ. ಒಂದು ಎಚ್ಚರಿಕೆ, ಮಾಳಿಗೆ ಮೇಲೆ ಬಿಸಿಲಲ್ಲಿ ಬಿದ್ದಿದ್ದ ಚೀಲ ತರಬೇಡಿ. ಪಾಲಿಪ್ರೊಪಿಲೀನ್ ಬಿಸಿಲಿಗೆ ಸೋಲುತ್ತದೆ. ನಮ್ಮ ರಾಯಚೂರು ಬಿಸಿಲಿಗೆ ಹಳೆ ಚೀಲ ಮುಟ್ಟಿದರೆ ಪುಡಿ ಉದುರುವುದನ್ನು ನೀವೂ ನೋಡಿರುತ್ತೀರಿ.

ಮೆತ್ತಗಿನ ಪಾಲಿ ನೂಲು ಬೇಕು ಅಂದರೆ ಕಸೂತಿ ಸಾಮಾನು, ಮ್ಯಾಕ್ರಮೆ ದಾರ ಮಾರುವ ಅಂಗಡಿಯಲ್ಲಿ ಹುಡುಕಿ. ಮ್ಯಾಕ್ರಮೆ ದಾರದಲ್ಲಿ ಹತ್ತಿಯದೂ ಇರುತ್ತದೆ, ಪಾಲಿಯೆಸ್ಟರ್‌ದೂ ಇರುತ್ತದೆ, ಲೋಟದ ಪರೀಕ್ಷೆ ಮಾಡಿಯೇ ಜಾಸ್ತಿ ಕೊಳ್ಳಿ. ಹುರಿ ಬಿಚ್ಚಿ ಹೇನಿನ ಬಾಚಣಿಗೆಯಲ್ಲಿ ಬಾಚಿದರೆ ಒಳ್ಳೆ ಎಳೆ ಬರುತ್ತದೆ. ಸ್ವೆಟರ್ ಹೆಣೆಯುವ ಉಲ್ಲನ್ ಮಾತ್ರ ರೆಕ್ಕೆಗೆ ಬೇಡ. ಸಾಮಾನ್ಯವಾಗಿ ಅದು ಅಕ್ರಿಲಿಕ್, ಎಳೆಗಳ ನಡುವೆ ನೀರು ಹಿಡಿದಿಟ್ಟುಕೊಂಡು ಮುದ್ದೆಯಾಗುತ್ತದೆ. ಫ್ಲೈಯ ಮೈ ಸುತ್ತಲು ಚೆನ್ನಾಗಿದೆ.

ಬಳ್ಳಾರಿಯವರಿಗೆ ಇನ್ನೊಂದು ಅನುಕೂಲ ಇದೆ. ಜೀನ್ಸ್ ಹೊಲಿಯುವ ಊರು, ದಾರ, ಬಟ್ಟೆ, ಲೈನಿಂಗ್ ಎಲ್ಲ ಸಿಗುತ್ತದೆ. ಜೀನ್ಸ್ ದಾರ ಫ್ಲೈ ಕಟ್ಟಲು ತೀರಾ ದಪ್ಪ, ಅದರ ಆಸೆ ಬಿಡಿ. ನಾನು ಹೋಗುವುದು ಆರ್ಗಾಂಜಾ ಅನ್ನುವ ತೆಳ್ಳಗಿನ ಬಟ್ಟೆಗೆ. ಕೌಲ್ ಬಜಾರ್ ಕಡೆ ಬಟ್ಟೆ ಅಂಗಡಿಯಲ್ಲಿ ಕಾಲು ಮೀಟರ್ ಕೇಳಿದರೆ, "ಕಾಲು ಮೀಟರ್ ತಗೊಂಡು ಏನ್ ಹೊಲಿಸ್ತೀರಿ ಸರ?" ಅಂತ ಕೇಳುತ್ತಾರೆ. ಮೀನಿಗೆ ಹುಳ ಮಾಡೋಕೆ ಅಂತ ಹೇಳಿದರೆ ನಂಬುವುದಿಲ್ಲ, ಆದರೂ ಕತ್ತರಿಸಿ ಕೊಡುತ್ತಾರೆ. ಕಡಿಮೆ ಬೆಲೆಯ ಆರ್ಗಾಂಜಾ ರೇಷ್ಮೆಯಲ್ಲ, ಪಾಲಿಯೆಸ್ಟರ್ ಅಥವಾ ನೈಲಾನ್. ನಮಗೆ ಅದೇ ಬೇಕು. ಬೆರಳಗಲ ಪಟ್ಟಿ ಕತ್ತರಿಸಿ, ಒಂದು ದಿಕ್ಕಿನ ಎಳೆಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ, ಇನ್ನೊಂದು ದಿಕ್ಕಿನವು ಮಾತ್ರ ಉಳಿಯಲಿ. ಆ ಎಳೆಗಳಿಗೆ ಪುಟಿಯುವ ಗುಣ ಇದೆ. ನೀರಲ್ಲಿ ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ, ಬೆಳಕು ಒಳಗಿಂದ ಹಾದುಹೋಗುತ್ತದೆ. ಹುಳದ ರೆಕ್ಕೆಯ ಆ ತೆಳುವು, ಪಾರದರ್ಶಕ ನೋಟ ನಾನು ನೋಡಿದ ಯಾವ ದುಬಾರಿ ಪ್ಯಾಕೆಟ್‌ನಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ.

ಇದು ನನಗೆ ಅತಿ ಇಷ್ಟದ ಫ್ಲೈಗೆ, ಗೆದ್ದಲು ಫ್ಲೈಗೆ, ಹೇಳಿ ಮಾಡಿಸಿದ್ದು. ವಿದೇಶದ ಪುಸ್ತಕ, ವಿಡಿಯೋಗಳಲ್ಲಿ ಮೇಫ್ಲೈ, ಕ್ಯಾಡಿಸ್ ಬಗ್ಗೆ ಎಷ್ಟೋ ಇದೆ. ನಮ್ಮ ಕೆರೆ, ಹಳ್ಳಗಳಲ್ಲಿ ಮೀನು ಹುಚ್ಚೆದ್ದು ಮೇಲೆ ಬರುವುದು ಮಾತ್ರ ಮೊದಲ ಮಳೆಗೆ ಗೆದ್ದಲು ರೆಕ್ಕೆ ಬಿಚ್ಚಿ ಎದ್ದಾಗ. ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದ ಸಂಜೆ ದೀಪದ ಸುತ್ತ ಮುತ್ತಿಕೊಳ್ಳುವ ಈಚಲು ಹುಳ ಅದೇ. ಕೆರೆ ಅಂಚಲ್ಲಿ ಹುತ್ತ ಇದ್ದರೆ ನೀರಿನ ಮೇಲೆಲ್ಲ ಬಿದ್ದಿರುತ್ತವೆ. ಜಿಲೇಬಿ ಮೀನು, ಗೆಂಡೆ, ಸಣ್ಣಪುಟ್ಟ ಬೆಳ್ಳಿ ಮೀನು ಎಲ್ಲವೂ ಮೇಲೆ ಬಂದು ಒಂದೊಂದಾಗಿ ಹೀರುತ್ತವೆ.

ಗೆದ್ದಲು ಹುಳಕ್ಕೆ ನಾಲ್ಕು ರೆಕ್ಕೆ, ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ, ಮೈಗಿಂತ ಬಹಳ ಉದ್ದ. ಕೂತಾಗ ಬೆನ್ನ ಮೇಲೆ ಒಂದರ ಮೇಲೊಂದು ಚಪ್ಪಟೆ ಇಟ್ಟುಕೊಂಡಿರುತ್ತದೆ, ನೀರಿಗೆ ಬಿದ್ದಾಗ ಅಡ್ಡಾದಿಡ್ಡಿ ಹರಡಿಕೊಂಡಿರುತ್ತದೆ. ಬಣ್ಣ ಹೊಗೆ ಹಿಡಿದ ಕಂದು. ಹಾಗಾಗಿ ಬಿಳಿ ಆರ್ಗಾಂಜಾ ಬೇಡ, ತಿಳಿ ಕಂದು ಅಥವಾ ಬೂದು ತಗೊಳ್ಳಿ. ನಿಜವಾದ ರೆಕ್ಕೆಯಷ್ಟು ಉದ್ದ ಕಟ್ಟಬೇಡಿ. ಸಣ್ಣ ಮೀನು ರೆಕ್ಕೆ ತುದಿಯನ್ನು ಕಚ್ಚಿ ಎಳೆಯುತ್ತದೆ, ಕೊಕ್ಕೆ ಬಾಯಿಗೆ ಹೋಗುವುದೇ ಇಲ್ಲ. ಕೊಕ್ಕೆಯ ಬಾಗಿಗಿಂತ ಸ್ವಲ್ಪ ಹಿಂದಕ್ಕೆ ಬಂದರೆ ಸಾಕು. ಎರಡು ಎಳೆಗುಚ್ಛ ಹಿಂದಕ್ಕೆ ಓರೆಯಾಗಿ, ವಿ ಆಕಾರದಲ್ಲಿ ಕಟ್ಟಿ, ಅವುಗಳ ಬುಡದ ಮೇಲೆ ಒಂದು ಚಿಟಿಕೆ ಪಾಲಿ ನೂಲು ಇಡಿ. ತೇಲುವ ಕೆಲಸ ಪಾಲಿಯದು, ಕಾಣುವ ಕೆಲಸ ಆರ್ಗಾಂಜಾದ್ದು. ಎಳೆ ಎಷ್ಟು ಬೇಕು ಅನಿಸುತ್ತದೋ ಅದರ ಅರ್ಧ ಹಾಕಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ದಪ್ಪ ರೆಕ್ಕೆ ಕೈಯಲ್ಲಿ ಚೆಂದ ಕಾಣುತ್ತದೆ, ನೀರಲ್ಲಿ ಮುದ್ದೆ.

ಪ್ಲಾಸ್ಟಿಕ್ ಹಾಳೆ ಕತ್ತರಿಸಿ ರೆಕ್ಕೆ ಮಾಡುವವರೂ ಇದ್ದಾರೆ. ನೋಡಲು ಹುಳದ ರೆಕ್ಕೆಯೇ. ಆದರೆ ಬೀಸುವಾಗ ಅದು ಗಿರಗಿರ ತಿರುಗುತ್ತದೆ, ತುದಿಯ ಸಣ್ಣ ತಂಗೂಸು ಹುರಿಗೊಂಡು ಗಂಟಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಲ್ಲಿ ಬೀಸುವ ಗಾಳಿ ಗೊತ್ತಲ್ವಾ, ಆ ಗಾಳಿಯಲ್ಲಿ ಹಾಳೆ ರೆಕ್ಕೆ ಬರೀ ತಲೆನೋವು. ಕಟ್ಟಿದ ಫ್ಲೈ ತಿರುಗುತ್ತದಾ ಅಂತ ನೋಡಲು ಮೊಳ ಉದ್ದದ ತಂಗೂಸಿಗೆ ಕಟ್ಟಿ ಕೈಯಲ್ಲೇ ಜೋರಾಗಿ ಬೀಸಿ, ಆಮೇಲೆ ಸಡಿಲ ಬಿಡಿ. ದಾರ ತಾನಾಗಿ ಸುತ್ತಿಕೊಂಡರೆ ಆ ರೆಕ್ಕೆ ಬೇಡ, ಅಥವಾ ಎರಡು ಬದಿ ಸಮ ಇಲ್ಲ ಅಂತ ಅರ್ಥ.

ಇನ್ನು ನಿಮ್ಮ ಕಣ್ಣಿಗೆ ಕಾಣುವ ರೆಕ್ಕೆ. ಪ್ಯಾರಾಶೂಟ್ ಫ್ಲೈಯಲ್ಲಿ ನಡುವೆ ನೆಟ್ಟಗೆ ನಿಲ್ಲಿಸುವ ಕಂಬ ಮೀನಿಗೆ ಅಲ್ಲ, ನಿಮಗೆ. ಅದಕ್ಕೆ ಪಾಲಿ ನೂಲೇ ಸರಿ. ಗುಲಾಬಿ, ಕಿತ್ತಳೆ ಬಣ್ಣ ಹಗಲಿಗೆ ಚೆನ್ನ. ಸಂಜೆ ಸೂರ್ಯ ಎದುರಿಗಿದ್ದು ನೀರೆಲ್ಲ ಬೆಳ್ಳಗೆ ಹೊಳೆಯುವಾಗ ಬಿಳಿ ಕಂಬ ಕಾಣುವುದೇ ಇಲ್ಲ, ಕಪ್ಪು ಕಾಣುತ್ತದೆ. ಡಬ್ಬಿಯಲ್ಲಿ ಕಪ್ಪು ಕಂಬದ ಒಂದೆರಡು ಫ್ಲೈ ಇಟ್ಟುಕೊಳ್ಳಿ.

ಮರಿಮೀನಿನ ಫ್ಲೈಗೆ ಲೆಕ್ಕ ಪೂರ್ತಿ ಬೇರೆ. ಇಲ್ಲಿ ನಮ್ಮ ಗುರಿ ಕೊರಮೀನು, ಅದೇ ಮುರ್ರೆಲ್. ಕೆರೆಯ ಕಳೆ ನಡುವೆ ಹೊಂಚು ಹಾಕಿ ಕೂರುತ್ತದೆ, ಉಸಿರಿಗೆ ಮೇಲೆ ಬರುತ್ತದೆ, ಹಲ್ಲು ಜೋರು. ಅಮೆರಿಕದ ಬಾಬ್ ಕ್ಲೌಸರ್ 1987ರ ಸುಮಾರಿಗೆ ರೂಪಿಸಿದ ಕ್ಲೌಸರ್ ಮಿನ್ನೋ ಫ್ಲೈಗೆ ಜಿಂಕೆ ಬಾಲದ ಕೂದಲು ಹಾಕುತ್ತಾರೆ. ನಮಗೆ ಅದು ಬೇಡವೇ ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಜಿಂಕೆ, ಕೃಷ್ಣಮೃಗ, ಕಾಡುಕೋಳಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ದಕ್ಷಿಣದ ಬೂದು ಕಾಡುಕೋಳಿಯ ಕತ್ತಿನ ಗರಿ ಒಂದು ಕಾಲದಲ್ಲಿ ವಿದೇಶದ ಫ್ಲೈಗಳಿಗೆ ಅಂತ ರಾಶಿ ರಾಶಿ ಹಡಗು ಹತ್ತಿತ್ತು. ಆ ಕಥೆ ಮತ್ತೆ ಬೇಡ. ಯಾರಾದರೂ ಕಾಡಿಂದ ತಂದದ್ದು ಅಂತ ಗರಿ, ಕೂದಲು ಕೊಡಲು ಬಂದರೆ ಮುಟ್ಟಬೇಡಿ. ಕೃತಕ ಎಳೆಯನ್ನು ನಾನು ಇಷ್ಟಪಡುವುದಕ್ಕೆ ಇದೂ ದೊಡ್ಡ ಕಾರಣ. ಕೊರಮೀನಿನ ಹಲ್ಲಿಗೆ ಅದು ಕೂದಲಿಗಿಂತ ಜಾಸ್ತಿ ತಾಳುತ್ತದೆ ಕೂಡ.

ಮರಿಮೀನಿನ ರೆಕ್ಕೆಯಲ್ಲಿ ನೋಡಬೇಕಾದದ್ದು ಬಿರುಸು ಮತ್ತು ಗುಂಗುರು. ಗುಂಗುರು ಇರುವ ಎಳೆ ಸ್ವಲ್ಪ ಹಾಕಿದರೂ ತುಂಬಿದ ಹಾಗೆ ಕಾಣುತ್ತದೆ, ನೀರು ಬೇಗ ಬಿಟ್ಟುಕೊಡುತ್ತದೆ, ಬೀಸಲು ಹಗುರ. ಈಪಿ ಥರದ ಎಳೆಗಳ ಗುಟ್ಟು ಇದೇ. ಸೂಪರ್ ಹೇರ್ ಸ್ವಲ್ಪ ದಪ್ಪ, ಬಿರುಸು, ಆಕಾರ ಬಿಡಲ್ಲ, ಆದರೆ ನಿಧಾನಕ್ಕೆ ಎಳೆದರೆ ಜೀವ ಇರಲ್ಲ. ಕ್ರಾಫ್ಟ್ ಫರ್ ಮೆತ್ತಗೆ, ನೀರಲ್ಲಿ ಉಸಿರಾಡುತ್ತದೆ, ಆದರೆ ಗಿಡ್ಡ. ಬುಡದ ಕುರುಚಲು ರೋಮ ಬಾಚಿ ತೆಗೆಯಬೇಕು. ಗೊಂಬೆ, ಮೆತ್ತೆ ಹೊಲಿಯುವವರ ಹತ್ತಿರ ಉದ್ದ ರೋಮದ ನಕಲಿ ತುಪ್ಪಳ ಬಟ್ಟೆಯ ತುಂಡು ಸಿಕ್ಕರೆ ಅದೇ ಕೆಲಸ ಮಾಡುತ್ತದೆ. ಮೆತ್ತಗಿನ ಉದ್ದ ಎಳೆಯ ತೊಂದರೆ, ಬೀಸುವಾಗ ಅದು ಕೊಕ್ಕೆಯ ಬಾಗಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಬುಡದಲ್ಲಿ ನಾಲ್ಕಾರು ಬಿರುಸು ಎಳೆ ಆಧಾರಕ್ಕೆ ಕಟ್ಟಿ, ಅದರ ಮೇಲೆ ಮೆತ್ತಗಿನದು. ಕಟ್ಟುವ ಮೊದಲು ಎಳೆಗುಚ್ಛವನ್ನು ಎರಡೂ ಕಡೆ ಹಿಡಿದು ಎಳೆದು, ಮತ್ತೆ ಸೇರಿಸಿ, ಮತ್ತೆ ಎಳೆದು, ತುದಿಗಳು ಹೆಚ್ಚುಕಡಿಮೆ ಆಗುವ ಹಾಗೆ ಮಾಡಿ. ಕತ್ತರಿಯಲ್ಲಿ ನೇರ ಕತ್ತರಿಸಿದ ತುದಿ ಪೊರಕೆ ಥರ ಕಾಣುತ್ತದೆ, ಮೀನಿನ ಬಾಲ ಹಾಗಿರಲ್ಲ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದರೆ ಬಳೆ ಅಂಗಡಿಗಳಲ್ಲಿ ಚೌರಿ ನೋಡಿ. ಹೆಣ್ಣುಮಕ್ಕಳು ಜಡೆಗೆ ಸೇರಿಸುವ ಆ ನಕಲಿ ಕೂದಲು ಕಡಿಮೆ ಬೆಲೆಗೆ ಉದ್ದ ಎಳೆ ಕೊಡುತ್ತದೆ. ಕಪ್ಪು, ಕಂದು ಸಿಕ್ಕೇ ಸಿಗುತ್ತದೆ. ಮಳೆಗಾಲದ ಕೆಂಪು ನೀರಲ್ಲಿ ಕಪ್ಪು ಫ್ಲೈ ಬೇರೆ ಎಲ್ಲದಕ್ಕಿಂತ ಚೆನ್ನಾಗಿ ನೆರಳು ತೋರಿಸುತ್ತದೆ. ಆದರೆ ಚೌರಿ ಎಳೆ ನುಣುಪು, ಬರೀ ದಾರಕ್ಕೆ ನಿಲ್ಲುವುದಿಲ್ಲ, ಜಾರಿ ಬರುತ್ತದೆ. ಕೆಲವು ಸುತ್ತು ಹಾಕಿ, ಎಳೆಯನ್ನು ಹಿಂದಕ್ಕೆ ಮಡಚಿ ಮತ್ತೆ ಸುತ್ತಿ, ಬುಡಕ್ಕೆ ಒಂದು ಹನಿ ಅಂಟು ಹಾಕಿ.

ಕಟ್ಟುವಾಗ ಉದುರುವ ಚೂರುಗಳ ಬಗ್ಗೆ ನನಗೆ ನಿಜಕ್ಕೂ ಕಾಳಜಿ ಇದೆ. ಇವೆಲ್ಲ ಪ್ಲಾಸ್ಟಿಕ್, ಕೊಳೆಯುವುದಿಲ್ಲ. ಕಟ್ಟುವಾಗ ಕೊಕ್ಕೆ ಹಿಡಿಯುವ ವೈಸ್ ಕೆಳಗೆ ಒಂದು ಡಬ್ಬಿ ಇಡಿ, ಕೆರೆ ದಂಡೆಯಲ್ಲಿ ಕೂತು ರೆಕ್ಕೆ ಕತ್ತರಿಸಬೇಡಿ, ತುಂಡಾದ ತಂಗೂಸು ಜೇಬಿಗೆ ಹಾಕಿಕೊಂಡು ಬನ್ನಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಆ ಕಡೆ ಗಾಳ ತೆಗೆದುಕೊಂಡು ಹೋಗಲೇಬೇಡಿ. ಊರ ಕೆರೆಗಳಲ್ಲಿ ಬಹಳಷ್ಟು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತವೆ, ಅವರನ್ನು ಕೇಳಿಯೇ ನೀರಿಗಿಳಿಯಿರಿ. ಜಲಾಶಯಕ್ಕೂ ಅನುಮತಿ ಬೇಕು.

ಕಟ್ಟಿದ ಫ್ಲೈಗಳನ್ನು ಬೇಸಿಗೆಯಲ್ಲಿ ಬೈಕ್ ಡಬ್ಬಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಎಳೆ ಕರಗುವುದಿಲ್ಲ, ಪಾಲಿಪ್ರೊಪಿಲೀನ್‌ಗೂ 160 ಡಿಗ್ರಿ ದಾಟಬೇಕು. ಆದರೆ ಆ ಬಿಸಿಗೆ ಡಬ್ಬಿಯಲ್ಲಿ ಒತ್ತಿಕೊಂಡ ರೆಕ್ಕೆ ಅದೇ ಸೊಟ್ಟ ಆಕಾರಕ್ಕೆ ಕೂತುಬಿಡುತ್ತದೆ. ಹಾಗೇನಾದರೂ ಆದರೆ ಚಹಾಕ್ಕೆ ನೀರು ಕುದಿಯುವಾಗ ಫ್ಲೈಯನ್ನು ಚಿಮಟದಲ್ಲಿ ಹಿಡಿದು ಹಬೆಗೆ ಸ್ವಲ್ಪ ಹೊತ್ತು ತೋರಿಸಿ, ಬೆರಳಲ್ಲಿ ನೆಟ್ಟಗೆ ಮಾಡಿ, ಆರಲು ಬಿಡಿ. ಬಹುತೇಕ ರೆಕ್ಕೆಗಳು ಮೊದಲಿನ ಆಕಾರಕ್ಕೆ ಬರುತ್ತವೆ.